ಹನ್ನೊಂದನೆಯ ಸಂಚಿಕೆಯ ಹಿಂದೆ: ಚಿತ್ರಕಥೆಗಳ ಸಂಗ್ರಹ ಮತ್ತು ವಿಮರ್ಶೆಯ ಕೆಲವು ಪ್ರಶ್ನೆಗಳು

ಕುಂದಾಪುರದಿಂದ ಬೈಂದೂರಿನತ್ತ ಸಾಗುವ ಹೆದ್ದಾರಿಯ ಮಗ್ಗುಲಿನ ಕಿರಿಮಂಜೇಶ್ವರವು ಅಗಸ್ತ್ಯೇಶ್ವರ ದೇವಾಲಯದಿಂದ ಪರಿಚಿತವಾದ ಊರು. ಋಷಿಯ ಹೆಸರು ದೇವರ ಹೆಸರಿನೊಡನೆ ಬೆಸೆದುಕೊಂಡಿರುವ ಇಂತಹ ಊರುಗಳಿಗೆ ಪುರಾಣವು ಮೊದಲು ಪುಸ್ತಕದಿಂದ ಬಂದದ್ದಲ್ಲ. ಸ್ಥಳಪುರಾಣ, ಬಯಲಾಟ, ತಾಳಮದ್ದಳೆಗಳ ಮೂಲಕ ಬಂದದ್ದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅವೇ ಕಥೆಗಳು ಬಣ್ಣದ ಚಿತ್ರಕಥಾ ಪುಸ್ತಿಕೆಗಳ ರೂಪದಲ್ಲಿ ಮಕ್ಕಳ ಕೈಸೇರಿದವು. ಜಾನಪದ ಅಧ್ಯಯನವು ಮೊದಲಿನ ರೂಪವನ್ನು ಧ್ವನಿಮುದ್ರಿಸಿತು, ಸಂಪಾದಿಸಿತು. ಎರಡನೆಯದನ್ನು ಬಹುಮಟ್ಟಿಗೆ ರದ್ದಿ ಕಾಗದದ ಪಾಲಿಗೆ ಬಿಟ್ಟಿತು. ಈ ಉಪೇಕ್ಷೆಯಿಂದ ಕಳೆದುಹೋಗುವುದೇನು ಎಂಬುದನ್ನು ಅಮರ ಚಿತ್ರಕಥಾ ಮಾಲಿಕೆಯ ಉದಾಹರಣೆಯಿಂದ ಪರಿಶೀಲಿಸಬಹುದು.

ಈ ಮಾಲಿಕೆಯ ಸಂಪಾದಕರಾಗಿ ಪ್ರಸಿದ್ಧರಾದ ಅನಂತ ಪೈ (1929–2011) ಇಂದಿನ ಉಡುಪಿ ಜಿಲ್ಲೆಯ ಕಾರ್ಕಳದಲ್ಲಿ ಜನಿಸಿದವರು. ಮಾಲಿಕೆಯ ಹುಟ್ಟಿನ ಬಗ್ಗೆ ಅವರು ಹಲವು ಬಾರಿ ಹೇಳಿದ ಕಥೆ ಸರ್ವವಿದಿತ. 1967ರಲ್ಲಿ ದೆಹಲಿಯಲ್ಲಿ ಕಂಡ ದೂರದರ್ಶನದ ರಸಪ್ರಶ್ನೆ ಕಾರ್ಯಕ್ರಮವೊಂದರಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರಿಸಿದ ವಿದ್ಯಾರ್ಥಿಗಳಿಗೆ ರಾಮನ ತಾಯಿಯ ಹೆಸರು ತಿಳಿಯಲಿಲ್ಲ; ಆ ನೋವಿನಿಂದ ಮಾಲಿಕೆ ಮೂಡಿತು ಎಂಬುದು ಅದರ ಸಾರ. ಇನ್ನೊಂದು ನಿರೂಪಣೆ ಬೆಂಗಳೂರಿನದು. ಇಂಡಿಯಾ ಬುಕ್ ಹೌಸ್ ಸಂಸ್ಥೆಯಲ್ಲಿದ್ದ ಜಿ. ಕೆ. ಅನಂತರಾಂ ಅವರ ಹೇಳಿಕೆಯಂತೆ, ಮಾಲಿಕೆಯು 1965ರಲ್ಲಿ ಅವರ ಸಲಹೆಯಿಂದ ಕನ್ನಡದಲ್ಲಿಯೇ ಆರಂಭವಾಯಿತು. ಮೊದಲ ಹತ್ತು ಸಂಚಿಕೆಗಳು ಸಿಂಡ್ರೆಲಾ, ಸ್ನೋ ವೈಟ್, ಪಿನೋಕಿಯೊ ಮೊದಲಾದ ವಿದೇಶೀ ಕಥೆಗಳ ಕನ್ನಡ ರೂಪಗಳಾಗಿದ್ದವು.

ಐತಿಹ್ಯದ ಅಧ್ಯಯನದಲ್ಲಿ ಪಳಗಿದವರಿಗೆ ಇಲ್ಲಿ ಯಾರ ಮಾತು ನಿಜವೆಂದು ತೀರ್ಪು ನೀಡುವ ಅವಸರ ಬೇಡ. ಎರಡು ಪಾಠಾಂತರಗಳೂ ತಮ್ಮ ತಮ್ಮ ಕೆಲಸವನ್ನು ಮಾಡುತ್ತವೆ: ಮೊದಲನೆಯದು ಮಾಲಿಕೆಗೆ ರಾಷ್ಟ್ರೀಯ ಉದ್ದೇಶವನ್ನು ನೀಡುತ್ತದೆ, ಎರಡನೆಯದು ಪ್ರಾದೇಶಿಕ ಭಾಷೆಯ ಮಾರುಕಟ್ಟೆಗೆ ಆದ್ಯತೆಯನ್ನು ನೀಡುತ್ತದೆ. ಆದರೆ ಒಂದು ಭೌತಿಕ ಸಾಕ್ಷ್ಯವಿದೆ. ರಾಮ್ ವಾಯೀರ್ಕರ್ ಚಿತ್ರಿಸಿದ ಇಂಗ್ಲಿಷ್ 'ಕೃಷ್ಣ' ಸಂಚಿಕೆಯ ಕ್ರಮಸಂಖ್ಯೆ ಒಂದಲ್ಲ, ಹನ್ನೊಂದು. ಅದರ ಹಿಂದೆ ಹತ್ತು ಪುಸ್ತಿಕೆಗಳಿದ್ದವು ಎಂಬುದನ್ನು ಆ ಅಂಕಿಯೇ ಸಾರುತ್ತದೆ. ಮುಂದಿನ ಮರುಮುದ್ರಣಗಳಲ್ಲಿ 'ಕೃಷ್ಣ'ಕ್ಕೆ 501 ಎಂಬ ಹೊಸ ಸಂಖ್ಯೆ ದೊರೆಯಿತು, ಸಾಕ್ಷ್ಯ ಅಳಿಸಿಹೋಯಿತು. ಮರುಮುದ್ರಣವನ್ನಷ್ಟೇ ಇರಿಸಿಕೊಂಡ ಗ್ರಂಥಾಲಯದಲ್ಲಿ ಕುಳಿತ ಸಂಶೋಧಕನಿಗೆ ಪ್ರಶ್ನೆಯೇ ಹುಟ್ಟದು. ಮೊದಲ ಮುದ್ರಣಗಳ ಸಂಗ್ರಹ ಹವ್ಯಾಸಿಗಳ ಮೋಹವಲ್ಲ, ಆಕರಶೋಧನೆಯ ಅಗತ್ಯ ಎನ್ನುವುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಬೇಕಿಲ್ಲ.

ಆ ಹತ್ತು ಸಂಚಿಕೆಗಳ ವಸ್ತುವೂ ಗಮನಾರ್ಹ. ಸಿಂಡ್ರೆಲಾ ಕಥೆಯ ಆಶಯ ಕನ್ನಡದ ಮೌಖಿಕ ಪರಂಪರೆಗೆ ಹೊಸದಾಗಿರಲಿಲ್ಲ. ಎ. ಕೆ. ರಾಮಾನುಜನ್ ಅವರು 'ಹಂಚಿ'ಯ ಕಥೆಯನ್ನು ಕನ್ನಡದ ಸಿಂಡ್ರೆಲಾ ಎಂದು ವಿಶ್ಲೇಷಿಸಿದ ಲೇಖನವು ಅಲನ್ ಡಂಡೆಸ್ ಸಂಪಾದಿತ ಸಂಪುಟದಲ್ಲಿ 1982ರಲ್ಲಿ ಪ್ರಕಟವಾಯಿತು. ಅಜ್ಜಿಯ ಬಾಯಲ್ಲಿ ಹಂಚಿ ಇನ್ನೂ ಬದುಕಿದ್ದಾಗಲೇ ಅಚ್ಚಿನ ಮನೆಯಿಂದ ಸಿಂಡ್ರೆಲಾ ಬಂದಳು. ಈ ಎರಡು ರೂಪಗಳ ಮುಖಾಮುಖಿಯನ್ನು ಅರಿಯಲು ಆ ಪುಸ್ತಿಕೆಗಳೇ ಬೇಕು; ಅವುಗಳ ಕುರಿತ ನೆನಪುಗಳು ಸಾಲವು.

ಸಂಗ್ರಹದಷ್ಟೇ ಮುಖ್ಯವಾದದ್ದು ವಿಮರ್ಶೆಯ ಮಾನದಂಡ. ನಂದಿನಿ ಚಂದ್ರ (2008) ಮತ್ತು ಕಾರ್ಲೀನ್ ಮೆಕ್ಲೇನ್ (2009) ಅವರ ಗ್ರಂಥಗಳು ಈ ಮಾಲಿಕೆಯನ್ನು ರಾಷ್ಟ್ರ, ಧರ್ಮ, ಲಿಂಗ ಸಂಬಂಧಗಳ ನೆಲೆಯಲ್ಲಿ ಓದಿವೆ. ಕರಾವಳಿಯ ಓದುಗನಿಗೆ ಇನ್ನೊಂದು ಅಳತೆಗೋಲು ಲಭ್ಯವಿದೆ: ಯಕ್ಷಗಾನ. ಚಿತ್ರಕಥೆಯ ಕೃಷ್ಣ ನೀಲವರ್ಣದವನು, ಕ್ಯಾಲೆಂಡರ್ ಚಿತ್ರಗಳ ಸಂತಾನ. ಬಡಗುತಿಟ್ಟಿನ ಕೃಷ್ಣನ ಮುಖಕ್ಕೆ ನೀಲಿ ಬಳಿಯುವುದಿಲ್ಲ. ಅವನನ್ನು ಗುರುತಿಸುವುದು ಮುಂಡಾಸು, ನಡೆ ಮತ್ತು ಮಾತಿನಿಂದ. ಪ್ರತಿನಾಯಕನ ವಿಷಯದಲ್ಲಿ ಅಂತರ ಇನ್ನೂ ಹೆಚ್ಚಿನದು. ಚಿತ್ರಕಥೆಯ ರಾಕ್ಷಸ ಬಹುಪಾಲು ಸೋಲುವುದಕ್ಕೆಂದೇ ಚೌಕಟ್ಟಿನೊಳಗೆ ಬರುವ ವಿಕಾರ ಆಕೃತಿ. ರಂಗಸ್ಥಳದ ರಾವಣನಿಗಾದರೋ ಒಡ್ಡೋಲಗದ ಗೌರವವಿದೆ. ತಾಳಮದ್ದಳೆಯಲ್ಲಿ ತನ್ನ ಪಕ್ಷವನ್ನು ಸಮರ್ಥಿಸುವ ಅವಕಾಶವಿದೆ. ಮೂವತ್ತೆರಡು ಪುಟಗಳ ಮಿತಿಯಲ್ಲಿ ಮೊದಲು ಕಳೆದುಹೋಗುವುದು ಎದುರಾಳಿಯ ವಾದ. ಪುಟಗಳ ಸಂಖ್ಯೆಯೊಂದೇ ಇದಕ್ಕೆ ಕಾರಣವೆಂದು ಹೇಳಲಾಗದು. ಪುರಾಣವನ್ನು ಚರ್ಚೆಯಾಗಿ ಕಾಣದೆ ಬೋಧನೆಯಾಗಿ ಕಾಣುವ ದೃಷ್ಟಿಯೂ ಕಾರಣ.

ಭಾಷೆಯ ವಿಚಾರವೂ ಇದೆ. ಮುಂಬಯಿಯಲ್ಲಿ ಸಿದ್ಧಗೊಂಡ ಚಿತ್ರದಲ್ಲಿ ಮಾತಿನ ಗುಳ್ಳೆಯ ಗಾತ್ರ ಮೊದಲೇ ನಿಗದಿಯಾಗಿರುತ್ತದೆ. ಒತ್ತಕ್ಷರಗಳಿಗೆ ಸಾಲಿನ ಕೆಳಗೂ ಜಾಗ ಬೇಡುವ ಕನ್ನಡವನ್ನು ಅದರೊಳಗೆ ಹಿಡಿಸಬೇಕಾದಾಗ ವಾಕ್ಯ ಮೊಟಕಾಗುತ್ತದೆ. ಮನೆಯಲ್ಲಿ 'ಹೋಯ್ಕ್', 'ಬರ್ಕ್' ಎನ್ನುವ ಕುಂದಗನ್ನಡದ ಮಗುವಿಗೆ ಈ ಗ್ರಾಂಥಿಕ ಸಂಭಾಷಣೆ ಅಪರಿಚಿತವಾಗಿತ್ತೆಂದು ಸುಲಭವಾಗಿ ಹೇಳುವಂತಿಲ್ಲ. ಯಕ್ಷಗಾನದ ಅರ್ಥಗಾರಿಕೆಯೂ ಗ್ರಾಂಥಿಕ ಕನ್ನಡವನ್ನೇ ಬಳಸುತ್ತದೆ. ಆದರೆ ಅರ್ಥಧಾರಿ ಪ್ರತಿ ರಾತ್ರಿ ಮಾತನ್ನು ಹೊಸದಾಗಿ ಕಟ್ಟುತ್ತಾನೆ. ಗುಳ್ಳೆಯ ಮಾತು ಒಮ್ಮೆ ಅಚ್ಚಾದರೆ ಮುಗಿಯಿತು.

ಉಡುಪಿಯ ಪಾವಂಜೆ ಗುರುರಾಯರ ಪ್ರಕಾಶನದ ಅಗ್ಗದ ಯಕ್ಷಗಾನ ಪ್ರಸಂಗ ಪುಸ್ತಿಕೆಗಳೂ ಭಾಗವತರ ಕೈಯಲ್ಲಿ ಸವೆಯಲೆಂದೇ ಅಚ್ಚಾದವು. ಇಂದು ಅವು ಪ್ರಸಂಗ ಸಾಹಿತ್ಯದ ಆಕರಗಳು. ಚಿತ್ರಕಥೆಗಳಿಗೂ ಅದೇ ನ್ಯಾಯ ಸಲ್ಲಬೇಕು. ರಕ್ಷಾಪುಟ, ಕ್ರಮಸಂಖ್ಯೆ, ಬೆಲೆ, ಮುದ್ರಣದ ವರ್ಷ, ಅನುವಾದಕರ ಹೆಸರು, ಜಾಹೀರಾತು, ಬಾಡಿಗೆ ಪುಸ್ತಕದಂಗಡಿಯ ಮೊಹರು, ಮಗುವೊಂದು ಪೆನ್ಸಿಲಿನಿಂದ ಬರೆದ ಹೆಸರು — ಇವೆಲ್ಲವೂ ಪಠ್ಯದ ಭಾಗವೆಂದೇ ದಾಖಲಾಗಬೇಕು. ಕರಾವಳಿಯ ತೇವದಲ್ಲಿ ತುಕ್ಕು ಹಿಡಿಯುವ ಪಿನ್ನು, ಗೆದ್ದಲು ಹಿಡಿಯುವ ಕಾಗದ ಸಂಶೋಧಕರಿಗಾಗಿ ಕಾಯುವುದಿಲ್ಲ. ಹನ್ನೊಂದರ ಹಿಂದೆ ಹತ್ತಿದ್ದವು ಎಂಬುದನ್ನು ಒಂದು ಅಂಕಿ ಉಳಿಸಿಕೊಟ್ಟಿತು. ಆ ಹತ್ತರೊಳಗೆ ಏನಿತ್ತು ಎಂಬುದನ್ನು ಉಳಿಸುವ ಹೊಣೆ ಗ್ರಂಥಾಲಯಗಳದ್ದು.