ಇಳಕಲ್ ಸೀರೆ ಮತ್ತು ಭೌಗೋಳಿಕ ಸೂಚಕದ ಮಿತಿ

ಗ್ರಾಮೀಣ ಕಸುಬುಗಳಿಗೆ ಚೈತನ್ಯ ತುಂಬಲು ಸರ್ಕಾರಗಳು ಕಳೆದ ಎರಡು ದಶಕಗಳಲ್ಲಿ ಬಹಳವಾಗಿ ನೆಚ್ಚಿಕೊಂಡ ಸಾಧನಗಳಲ್ಲಿ ಭೌಗೋಳಿಕ ಸೂಚಕ, ಅಂದರೆ ಆಡುಮಾತಿನ ಜಿಐ ಟ್ಯಾಗ್, ಒಂದು. ಒಂದು ಸೀಮೆಯ ಹೆಸರನ್ನು, ಅಲ್ಲಿನ ಮಣ್ಣು, ಹವೆ ಅಥವಾ ಕೈಚಳಕದಿಂದ ಗುಣ ಪಡೆದ ಸರಕಿಗೆ ಮಾತ್ರ ಮೀಸಲಿಡುವ ಈ ಹಕ್ಕು 1999ರ ಕಾಯ್ದೆಯಲ್ಲಿ ರೂಪುಗೊಂಡು 2003ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದಿತು. ಚನ್ನಪಟ್ಟಣದ ಗೊಂಬೆ, ಮೊಳಕಾಲ್ಮೂರು ಸೀರೆ, ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆ ಇವೆಲ್ಲ ಅದರ ಅಡಿಯಲ್ಲಿ ನೋಂದಣಿಯಾಗಿವೆ. ಆದರೆ ಇಳಕಲ್ಲಿನ ಮಗ್ಗವನ್ನು ಮುಂದಿಟ್ಟುಕೊಂಡು ನೋಡಿದರೆ, ಈ ಕಾಯ್ದೆ ಹೆಸರನ್ನು ಕಾಯುವಷ್ಟು ನೇಯುವವರ ದುಡಿಮೆಯನ್ನು ಕಾಯುವುದಿಲ್ಲ. ಈ ಕೊರತೆಯ ಬೇರು ಅನುಷ್ಠಾನದಲ್ಲಿ ಮಾತ್ರವಲ್ಲ, ಕಾಯ್ದೆಯ ಪದಗಳಲ್ಲೇ ಇದೆ.

ಇಳಕಲ್ ಸೀರೆಯ ವೈಶಿಷ್ಟ್ಯವಿರುವುದು ಮೈಭಾಗದ ಹಾಸನ್ನು, ಅಂದರೆ ಉದ್ದ ಎಳೆಗಳನ್ನು, ಸೆರಗಿನ ರೇಷ್ಮೆ ಹಾಸಿನೊಂದಿಗೆ ಕುಣಿಕೆಗಳಿಂದ ಎಳೆಎಳೆಯಾಗಿ ಬೆಸೆಯುವ 'ತೋಪು ತೆನಿ' ವಿಧಾನದಲ್ಲಿ, ಮತ್ತು ಮೂರು ಲಾಳಿಗಳನ್ನು ಬಳಸಿ ಹೊಕ್ಕು (ಅಡ್ಡ ಎಳೆ) ಹಾಕುವ 'ಕೊಂಡಿ' ವಿಧಾನದಲ್ಲಿ. ಬೆಸುಗೆ ಪ್ರತಿ ಸೀರೆಗೂ ಬೇರೆಯಾಗಿ ಆಗಬೇಕಾದ್ದರಿಂದ ಒಂದೇ ಉದ್ದ ಹಾಸಿನಲ್ಲಿ ಹಲವು ಸೀರೆಗಳನ್ನು ನೇಯುವ ಅನುಕೂಲ ಇಲ್ಲಿಲ್ಲ. ಆರು, ಎಂಟು ಅಥವಾ ಒಂಬತ್ತು ಗಜದ ಹಾಸನ್ನು ಮತ್ತೆಮತ್ತೆ ಹೂಡಬೇಕಾಗುತ್ತದೆ. ಈ ನಿಧಾನವೇ ಸೀರೆಯ ಹಿರಿಮೆ, ವಿದ್ಯುತ್ ಮಗ್ಗದ ಅಗ್ಗದ ನಕಲಿನೆದುರು ಅದರ ಸಂಕಷ್ಟವೂ ಇದೇ.

ಇಂಥ ಕಸುಬಿನಲ್ಲಿ ನೂಲು ಕೊಳ್ಳುವ ಬಂಡವಾಳ ಮತ್ತು ಮಾರಾಟದ ದಾರಿ ಯಾರ ಕೈಯಲ್ಲಿದೆ ಎಂಬುದೇ ನಿರ್ಣಾಯಕ. ಮಾಲೀಕನಿಂದ ನೂಲು ಪಡೆದು, ಸೀರೆ ಒಪ್ಪಿಸಿ, ಸೀರೆಯೊಂದಕ್ಕೆ ಇಷ್ಟೆಂದು ಕೂಲಿ ಎಣಿಸಿಕೊಳ್ಳುವ 'ಮಜೂರಿ' ಪದ್ಧತಿಯಲ್ಲಿ ದುಡಿಯುವ ನೇಕಾರನಿಗೆ ಸೀರೆಯ ಹೆಸರು ಎಷ್ಟೇ ಬೆಲೆ ತಂದರೂ ಅದರಲ್ಲಿ ಪಾಲಿಲ್ಲ. ಕಾಯ್ದೆ ಈ ಅಸಮತೆಯನ್ನು ಸರಿಪಡಿಸುವುದಿರಲಿ, ಗುರುತಿಸುವುದೂ ಇಲ್ಲ: ಕರಕುಶಲ ಮತ್ತು ಕೈಗಾರಿಕಾ ಸರಕುಗಳ ವಿಷಯದಲ್ಲಿ ತಯಾರಿಸುವವನನ್ನಷ್ಟೇ ಅಲ್ಲದೆ ಆ ತಯಾರಿಕೆಯ ವ್ಯಾಪಾರ ಮಾಡುವವನನ್ನೂ ಅದು 'ಉತ್ಪಾದಕ' ಎಂದೇ ಕರೆಯುತ್ತದೆ. ಹೀಗಾಗಿ ನೋಂದಾಯಿತ ಹೆಸರನ್ನು ಬಳಸುವ ಅನುಮತಿಯುಳ್ಳ 'ಅಧಿಕೃತ ಬಳಕೆದಾರ'ನಾಗಲು ಲಾಳಿ ಮುಟ್ಟದ ವರ್ತಕನಿಗೂ ಅವಕಾಶವಿದೆ. ಕಾಗದಪತ್ರದ ವ್ಯವಹಾರ ಬಲ್ಲವನಿಗೆ ಅದು ಸುಲಭ, ದಿನದ ಕೂಲಿ ಬಿಟ್ಟು ಕಚೇರಿಗೆ ಅಲೆಯಲಾಗದವನಿಗೆ ದುರ್ಲಭ. ಇಡೀ ಕಾಯ್ದೆಯಲ್ಲಿ ಅತ್ಯಂತ ಅನ್ಯಾಯದ ಸಾಲು 'ಉತ್ಪಾದಕ'ನ ಈ ವ್ಯಾಖ್ಯೆಯೇ.

ಕಾಯ್ದೆಗೆ ಸಲ್ಲಬೇಕಾದ ಮನ್ನಣೆಯೂ ಇದೆ. ಟ್ರೇಡ್‌ಮಾರ್ಕ್‌ನಂತೆ ಈ ಹೆಸರನ್ನು ಯಾರೂ ಮಾರುವಂತಿಲ್ಲ, ಪರಭಾರೆ ಮಾಡುವಂತಿಲ್ಲವಾದ್ದರಿಂದ ಊರಿನ ಹೆಸರು ದೊಡ್ಡ ಕಂಪನಿಯ ಸ್ವತ್ತಾಗುವ ಭಯವಿಲ್ಲ. ಸುಳ್ಳು ಹೆಸರಿನಲ್ಲಿ ಮಾರುವವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿಯಿಂದ ಎರಡು ಲಕ್ಷದವರೆಗೆ ದಂಡ ಇದೆ. ಆದರೆ ನಕಲನ್ನು ಪತ್ತೆಹಚ್ಚಿ ದಾವೆ ಹೂಡುವ ಖರ್ಚನ್ನು ಮಜೂರಿ ನೇಕಾರ ಹೊರಲಾರ.

2019-20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದ ನೇಕಾರ ಕುಟುಂಬಗಳಲ್ಲಿ ಸುಮಾರು ಮೂರನೇ ಎರಡರಷ್ಟರ ಮಾಸಿಕ ವರಮಾನ 5,000 ರೂಪಾಯಿಗಿಂತ ಕಡಿಮೆ. ಅದೇ ಗಣತಿ ಎಣಿಸಿದ 35 ಲಕ್ಷಕ್ಕೂ ಹೆಚ್ಚು ಕೈಮಗ್ಗ ಕೆಲಸಗಾರರಲ್ಲಿ ಸುಮಾರು ಎಂಟೂವರೆ ಲಕ್ಷ ಮಂದಿ ಪೂರಕ ಕೆಲಸದವರು, ಅಂದರೆ ಕಂಡಿಕೆ ಸುತ್ತುವ, ಹಾಸು ಹೂಡುವ ಕೈಗಳು, ಬಹುಪಾಲು ಹೆಂಗಸರವು. ಗಣತಿ ಅವರನ್ನು ಕೆಲಸಗಾರರೆಂದು ಎಣಿಸಿತು. ವರ್ತಕನನ್ನು ಉತ್ಪಾದಕನೆಂದು ಒಪ್ಪಿದ ಕಾಯ್ದೆ ಈ ಕೈಗಳನ್ನು ಹೆಸರಿಸಿಯೇ ಇಲ್ಲ.