ವೇದಿಕೆಯ ಫೋಟೊದಲ್ಲಿ ಕಾಣದ ಸ್ಕೌಟ್

ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರದ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಬಂದರೂ ಅಷ್ಟೇ, ಫೇಸ್‌ಬುಕ್‌ನಲ್ಲಿ ಬಂದರೂ ಅಷ್ಟೇ. ಫೋಟೊದಲ್ಲಿ ಮುಖ್ಯ ಅತಿಥಿಯ ಕೊರಳಿಗೆ ಸ್ಕಾರ್ಫ್ ತೊಡಿಸುತ್ತಿರುತ್ತಾರೆ. ಅಕ್ಕಪಕ್ಕದಲ್ಲಿ ಬಿಇಒ, ಮುಖ್ಯ ಶಿಕ್ಷಕರು, ಊಟದ ದಾನಿಗಳು. ಕೆಳಗೆ ಎಂದಿನ ಒಕ್ಕಣೆ: ಇಂಥವರು ದೀಪ ಬೆಳಗಿಸಿದರು, ಶಿಸ್ತು, ಸೇವೆ, ದೇಶಪ್ರೇಮ ಮೈಗೂಡಿಸಿಕೊಳ್ಳಲು ಕರೆ ನೀಡಿದರು, ಇಂಥವರು ಸ್ವಾಗತಿಸಿದರು, ಇಂಥವರು ನಿರೂಪಿಸಿದರು, ಇಂಥವರು ವಂದಿಸಿದರು. ಮಕ್ಕಳು ಹಿಂದಿನ ಸಾಲಿನಲ್ಲಿ ಅರ್ಧ ಮುಖ, ಅರ್ಧ ಟೋಪಿಯಾಗಿ ಸಿಕ್ಕಿಕೊಂಡಿರುತ್ತಾರೆ. ಪಾತ್ರೆಯೇ ಇಲ್ಲದೆ ಕೆಂಡದ ಮೇಲೆ ಅಡುಗೆ ಮಾಡಲು ಹೋಗಿ ಯಾರ ರೊಟ್ಟಿ ಸೀದುಹೋಯಿತು, ರಾತ್ರಿ ಮಳೆಗೆ ಯಾವ ಪೆಟ್ರೋಲ್‌ನ (ಮಕ್ಕಳ ಪುಟ್ಟ ತಂಡದ) ಟೆಂಟು ಕುಸಿಯಿತು, ಅದನ್ನು ಮತ್ತೆ ಎತ್ತಿ ಕಟ್ಟಿದವರು ಯಾರು ಎಂಬುದರ ಬಗ್ಗೆ ಒಂದಕ್ಷರವೂ ಇಲ್ಲ.

ಸಂಸ್ಥೆಯ ಪ್ರಚಾರವನ್ನು ಆಧುನಿಕಗೊಳಿಸಬೇಕು ಎಂದು ಸಭೆಗಳಲ್ಲಿ ಮಾತು ಬಂದಾಗಲೆಲ್ಲ ಇನ್‌ಸ್ಟಾಗ್ರಾಮ್, ರೀಲ್ಸ್, ಆ್ಯಪ್, ಹೊಸ ಲೋಗೊಗಳ ಹೆಸರು ಕೇಳಿಬರುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಸುತ್ತೋಲೆ ಅಂಚೆಯ ಬದಲು ವಾಟ್ಸ್‌ಆ್ಯಪ್‌ನಲ್ಲಿ ಪಿಡಿಎಫ್ ಆಗಿ ಬಂದರೂ ಅದನ್ನು ಓದುವವರು ಅದೇ ಸ್ಕೌಟ್ ಮಾಸ್ಟರು, ಅದೇ ಗೈಡ್ ಕ್ಯಾಪ್ಟನ್ನು. ಸಂಸ್ಥೆ ದೊಡ್ಡವರ ಪರವಾಗಿ ದೊಡ್ಡವರಿಗೇ ಮಾತಾಡುತ್ತಿದೆ. ನನ್ನ ತಕರಾರು ಇರುವುದು ಇಲ್ಲಿ.

ಈ ಚಳವಳಿ ಹುಟ್ಟಿದ್ದು ಹೀಗಲ್ಲ. 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರನ್ನು ಕಟ್ಟಿಕೊಂಡು ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಪ್ರಾಯೋಗಿಕ ಶಿಬಿರ ನಡೆಸಿದರು. ಮರುವರ್ಷ ಅವರ ಪುಸ್ತಕ ‘ಸ್ಕೌಟಿಂಗ್ ಫಾರ್ ಬಾಯ್ಸ್’ ಹೊರಬಂತು. ದಪ್ಪ ಗ್ರಂಥವಾಗಿ ಬರಲಿಲ್ಲ; ಹದಿನೈದು ದಿನಕ್ಕೊಂದರಂತೆ ಆರು ಕಂತುಗಳಲ್ಲಿ, ಕಂತಿಗೆ ನಾಲ್ಕು ಪೆನ್ನಿಯಂತೆ ಬಂತು. ಹುಡುಗನ ಕಿಸೆಕಾಸಿಗೆ ಎಟಕುವ ಬೆಲೆ ಅದು. ಅಧ್ಯಾಯಗಳಿಗೆ ಪಾಠ ಎಂಬ ಹೆಸರನ್ನೂ ಇಡದೆ ಶಿಬಿರದ ಬೆಂಕಿಯ ಸುತ್ತ ಕೂತು ಹೇಳುವ ಕಥೆಗಳೆಂದು ಕರೆದರು. ಓದಿದ ಹುಡುಗರು ಯಾರ ಅಪ್ಪಣೆಗೂ ಕಾಯದೆ ತಾವೇ ಪೆಟ್ರೋಲ್ ಕಟ್ಟಿಕೊಂಡು, ಆಮೇಲೆ ತಮಗೊಬ್ಬ ಹಿರಿಯನನ್ನು ಹುಡುಕಿಕೊಂಡರು. ಪುಸ್ತಕದ ಹೆಸರಿನಲ್ಲೇ ಹುಡುಗರಿದ್ದರೂ 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ರ‍್ಯಾಲಿಗೆ ಹುಡುಗಿಯರೂ ಸ್ಕೌಟುಗಳಾಗಿ ಕರೆಯದೆ ಬಂದು ನಿಂತರು. ಅವರಿಗೆ ಜವಾಬು ಕೊಡಲೇಬೇಕಾಗಿ ಬಂದು 1910ರಲ್ಲಿ ಗೈಡ್ಸ್ ಹುಟ್ಟಿತು. ಬೇಡನ್ ಪೊವೆಲ್ ಸಾಮ್ರಾಜ್ಯದ ಸೇನಾಧಿಕಾರಿ, ಅವರ ಪುಸ್ತಕದ ತುಂಬ ಸಾಮ್ರಾಜ್ಯದ ವಾಸನೆಯಿದೆ, ಅದನ್ನು ಮರೆಮಾಚಬೇಕಿಲ್ಲ. ಆದರೂ ಹತ್ತು ಹನ್ನೆರಡರ ಹುಡುಗನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವ ವಿದ್ಯೆ ಅವರಿಗೆ ಒಲಿದಿತ್ತು.

ಯಾರೊಡನೆ ಮಾತಾಡಬೇಕು ಎಂಬ ಪ್ರಶ್ನೆ ನಮ್ಮಲ್ಲಿ ಬೇರೆ ಬಗೆಯಲ್ಲೂ ಎದ್ದಿತ್ತು. ದೇಶದ ಮೊದಲ ಸ್ಕೌಟ್ ದಳ 1909ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲಿ. ಅದು ಬಿಳಿಯರ, ಆಂಗ್ಲೋ ಇಂಡಿಯನ್ನರ ಮಕ್ಕಳಿಗಾಗಿ. ಭಾರತದ ಮಕ್ಕಳಿಗೂ ಬಾಗಿಲು ತೆರೆಯಲೆಂದು ಅನಿ ಬೆಸೆಂಟ್ 1916ರಲ್ಲಿ ಮದರಾಸಿನಲ್ಲಿ ಬೇರೆಯೇ ಸಂಘ ಕಟ್ಟಬೇಕಾಯಿತು. ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು ಉತ್ತರದಲ್ಲಿ ಸೇವಾ ಸಮಿತಿ ಸ್ಕೌಟ್ಸ್ ಬೆಳೆಸಿದರು. ಈ ತೊರೆಗಳೆಲ್ಲ ಕೂಡಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆದದ್ದು 1950ರ ನವೆಂಬರ್ 7ರಂದು.

ಇಷ್ಟು ಜನ ಸೇರಿ ತೆರೆದ ಬಾಗಿಲಿಗೆ ಇಂದು ಮಕ್ಕಳನ್ನು ಕರೆತರುತ್ತಿರುವುದು ಯಾವುದು? ಕರಪತ್ರವಂತೂ ಅಲ್ಲ. ಸಿಇಟಿ ಸೀಟು ಹಂಚಿಕೆಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ವಿಶೇಷ ವರ್ಗವಿದೆ, ರೈಲ್ವೆ ನೇಮಕಾತಿಯಲ್ಲೂ ಕೋಟಾ ಇದೆ. ‘ರಾಜ್ಯ ಪುರಸ್ಕಾರದ ಸರ್ಟಿಫಿಕೇಟ್ ಮಾಡ್ಸಿ, ಮುಂದೆ ಉಪಯೋಗಕ್ಕೆ ಬರುತ್ತೆ’ ಎಂದು ಒಬ್ಬ ತಾಯಿ ಇನ್ನೊಬ್ಬ ತಾಯಿಗೆ ಶಾಲೆಯ ಗೇಟಿನಲ್ಲಿ ಹೇಳುವ ಮಾತಿಗಿಂತ ದೊಡ್ಡ ಪ್ರಚಾರ ಈ ಸಂಸ್ಥೆಗಿಲ್ಲ. ತಾಯಂದಿರ ಲೆಕ್ಕಾಚಾರವನ್ನು ನಾನು ಹಳಿಯಲಾರೆ. ಆದರೆ ಸರ್ಟಿಫಿಕೇಟಿಗೆಂದು ಬಂದ ಮಗುವಿಗೆ ಪ್ರಥಮ, ದ್ವಿತೀಯ, ತೃತೀಯ ಸೋಪಾನ ಪರೀಕ್ಷೆಗಳು ಹತ್ತಿ ಮುಗಿಸಬೇಕಾದ ಮೆಟ್ಟಿಲುಗಳಷ್ಟೇ. ಲಾಗ್ ಬುಕ್ಕಿನ ಗತಿ ನೋಡಿ. ತಾನು ಕಂಡದ್ದನ್ನು, ಮಾಡಿದ್ದನ್ನು ಮಗು ತನ್ನ ಕೈಯಾರೆ ಬರೆದು, ಚಿತ್ರ ಬಿಡಿಸಿ ತುಂಬಬೇಕಾದ ಪುಸ್ತಕವದು. ಎಷ್ಟೋ ಕಡೆ ಹಿಂದಿನ ವರ್ಷದ ಅಕ್ಕನದೋ ಅಣ್ಣನದೋ ಪುಸ್ತಕ ಎರವಲು ತಂದು, ಗಂಟುಗಳ ಚಿತ್ರದಿಂದ ಹಿಡಿದು ಹೈಕ್ ವರದಿಯವರೆಗೆ ಇಳಿಸಿಕೊಳ್ಳುತ್ತಾರೆ. ಹೋಗದ ಬೆಟ್ಟದ ವರ್ಣನೆಯೂ ಅದರಲ್ಲಿರುತ್ತದೆ! ಹೊರಗಿನ ಪ್ರಕಟಣೆಯಲ್ಲಿ ಮಗುವಿಗೆ ದನಿಯಿಲ್ಲ. ಮಗುವಿನದೇ ಆದ ಪುಸ್ತಕದಲ್ಲೂ ಅದು ಬೇರೆಯವರ ಮಾತನ್ನೇ ಬರೆಯುತ್ತದೆ.

ಒಳ್ಳೆಯ ಸಂವಹನದ ಅಳತೆಗೋಲು ಹೊರಗೆಲ್ಲೂ ಇಲ್ಲ, ಸ್ಕೌಟಿಂಗ್‌ನ ಒಳಗೇ ಇದೆ. ಸೆಮಾಫೋರ್ ಅಭ್ಯಾಸ ನೋಡಿದವರಿಗೆ ಗೊತ್ತು: ಮೈದಾನದ ಈ ತುದಿಯಲ್ಲಿ ಎರಡು ಬಾವುಟ ಹಿಡಿದ ಹುಡುಗಿ ಒಂದೊಂದೇ ಅಕ್ಷರ ತೋರಿಸುತ್ತಾಳೆ, ಆ ತುದಿಯಲ್ಲಿ ಇನ್ನೊಬ್ಬಳು ಓದಿ ಹೇಳುತ್ತಾಳೆ, ಮಗ್ಗುಲಲ್ಲಿ ಕೂತವಳು ಬರೆದುಕೊಳ್ಳುತ್ತಾಳೆ. ಅಕ್ಷರ ತಪ್ಪಿತೋ, ಅತ್ತ ಕಡೆಯಿಂದ ಸನ್ನೆ ಬರುತ್ತದೆ, ಮೊದಲಿನಿಂದ ತೋರಿಸಬೇಕು. ಎಷ್ಟು ಚೆಂದವಾಗಿ ಬಾವುಟ ಬೀಸಿದಳು ಎಂಬುದಕ್ಕೆ ಬೆಲೆಯಿಲ್ಲ. ಅಲ್ಲಿ ಕಾಗದದ ಮೇಲೆ ಏನು ಮೂಡಿತು ಎಂಬುದೇ ಫಲಿತಾಂಶ. ಮಕ್ಕಳಿಗೆ ಇಷ್ಟು ಕಟ್ಟುನಿಟ್ಟಾಗಿ ಕಲಿಸುವ ಸಂಸ್ಥೆ ತನ್ನ ಪೋಸ್ಟುಗಳ ಕೆಳಗೆ ಬರುವ ‘ಎಷ್ಟು ಫೀಸು, ಯಾವ ಶಾಲೆಯಲ್ಲಿದೆ, ಕನ್ನಡ ಮಾಧ್ಯಮದವರಿಗೂ ಉಂಟಾ’ ಎಂಬ ಪ್ರಶ್ನೆಗಳಿಗೆ ಉತ್ತರಿಸದೆ ಮುಂದಿನ ಸಮಾರಂಭದ ಫೋಟೊ ಹಾಕಿದರೆ ಹೇಗೆ?

ಮಕ್ಕಳ ಬಾಯಿಗೆ ಮೈಕು ಕೊಟ್ಟ ಒಳ್ಳೆಯ ಉದಾಹರಣೆ ತೀರಾ ಹೊಸದೇನಲ್ಲ. 1958ರಲ್ಲಿ ಆರಂಭವಾದ ‘ಜಾಂಬೂರಿ ಆನ್ ದಿ ಏರ್’ ಎಂಬ ರೇಡಿಯೊ ಮೇಳ ಈಗ ಪ್ರತಿ ಅಕ್ಟೋಬರ್‌ನಲ್ಲಿ ನಡೆಯುತ್ತದೆ. ಲೈಸೆನ್ಸ್ ಇರುವ ಹ್ಯಾಮ್ ಆಪರೇಟರ್ ಯಂತ್ರದ ಮುಂದೆ ಕೂರುತ್ತಾರೆ, ಆಚೆ ದೇಶದ ಸ್ಕೌಟ್ ಜೊತೆ ಹೆಸರು, ಊರು, ಹವೆ, ಊಟದ ಸಮಾಚಾರ ಹಂಚಿಕೊಳ್ಳುವುದು ಮಕ್ಕಳೇ. ಯಂತ್ರ ಮತ್ತು ನಿಯಮ ಹಿರಿಯರ ಕೈಲಿ, ಮಾತು ಮಕ್ಕಳ ಕೈಲಿ. ಆಮೇಲೆ ಇದರ ಇಂಟರ್ನೆಟ್ ರೂಪವೂ ಬಂತು. ಇಂದಿನ ರೀಲ್ಸ್‌ಗೂ ಈ ಹಂಚಿಕೆ ಸಾಕು.

ಹಾಗೆ ಮೈಕು ಕೊಡದಿದ್ದರೆ ಮಕ್ಕಳು ತಾವೇ ತೆಗೆದುಕೊಳ್ಳುತ್ತಾರೆ. 2023ರ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದ ಸೇಮನ್‌ಗಮ್‌ನಲ್ಲಿ ಸ್ಕೌಟುಗಳ ಮಹಾಮೇಳವಾದ ವಿಶ್ವ ಜಾಂಬೂರಿ ನಡೆಯಿತು. 150ಕ್ಕೂ ಹೆಚ್ಚು ದೇಶಗಳ ಸುಮಾರು 43,000 ಮಂದಿ ನೆರೆದಿದ್ದರು. ಸಮುದ್ರ ತುಂಬಿಸಿ ಮಾಡಿದ ಬಟಾಬಯಲು, ನೆರಳಿಲ್ಲ, ಬಿಸಿಲಿಗೆ ನೂರಾರು ಮಂದಿ ಅಸ್ವಸ್ಥರಾದರು, ಶೌಚಾಲಯಗಳ ಬಗ್ಗೆ ದೂರೋ ದೂರು. ಬ್ರಿಟನ್, ಅಮೆರಿಕ, ಸಿಂಗಪುರದ ತಂಡಗಳು ನಡುವೆಯೇ ಶಿಬಿರ ಬಿಟ್ಟವು. ಚಂಡಮಾರುತದ ಭಯಕ್ಕೆ ಉಳಿದವರನ್ನೂ ಸ್ಥಳಾಂತರಿಸಿ, ಕೊನೆಗೆ ಸಿಯೋಲ್‌ನಲ್ಲಿ ಕೆ-ಪಾಪ್ ಕಛೇರಿಯೊಂದಿಗೆ ಮಂಗಳ ಹಾಡಿದರು. ವರ್ಷಗಟ್ಟಲೆ ನಡೆದ ಪ್ರಚಾರವನ್ನು ಕೆಲವೇ ದಿನಗಳಲ್ಲಿ ಮಕ್ಕಳ ಮೊಬೈಲ್ ಚಿತ್ರಗಳೂ ಮನೆಗೆ ಹೋದ ಮೆಸೇಜುಗಳೂ ಅಳಿಸಿಹಾಕಿದವು.

ಕೇಳಿಸಿಕೊಳ್ಳದ ಸಂಸ್ಥೆಗೆ ಹೊಸ ಹೆಸರಿಟ್ಟು ಪ್ರಯೋಜನವಿಲ್ಲ ಎಂಬುದಕ್ಕೆ ಅಮೆರಿಕದ ಬಾಯ್ ಸ್ಕೌಟ್ಸ್ ಸಾಕ್ಷಿ. 2025ರ ಫೆಬ್ರುವರಿಯಲ್ಲಿ ಅದು ‘ಸ್ಕೌಟಿಂಗ್ ಅಮೆರಿಕ’ ಆಯಿತು, ಹುಡುಗಿಯರನ್ನು ಅದಕ್ಕೂ ಮೊದಲೇ ಸೇರಿಸಿಕೊಂಡಿತ್ತು. ಇವು ಒಳ್ಳೆಯ ಹೆಜ್ಜೆಗಳೇ. ಆದರೆ ಮಕ್ಕಳ ಮೇಲಿನ ದೌರ್ಜನ್ಯದ ದೂರುಗಳನ್ನು ದಶಕಗಳ ಕಾಲ ಕಡತದಲ್ಲಿ ಮುಚ್ಚಿಟ್ಟ ಫಲವಾಗಿ 2020ರಲ್ಲಿ ಆ ಸಂಸ್ಥೆ ದಿವಾಳಿ ಅರ್ಜಿ ಹಾಕಿತ್ತು. 82,000ಕ್ಕೂ ಹೆಚ್ಚು ಮಂದಿ ಪರಿಹಾರ ಕೇಳಿ ಬಂದರು. ಮಗು ಭಯವಿಲ್ಲದೆ ದೂರು ಹೇಳಬಲ್ಲ ಒಂದು ಫೋನ್ ನಂಬರು ಪ್ರತಿ ಶಿಬಿರದ ಗೋಡೆಯ ಮೇಲಿರಬೇಕು. ನನ್ನ ಮಟ್ಟಿಗೆ ಆಧುನಿಕ ಸಂವಹನದ ಮೊದಲ ಐಟಂ ಅದು, ಲೋಗೊ ಆಮೇಲೆ.

ಇನ್ನೊಂದು ಮಾತು. ಮಕ್ಕಳನ್ನು ಮುಂದೆ ತನ್ನಿ ಎಂದರೆ ಅವರ ಮುಖ, ಹೆಸರು, ಶಾಲೆ ಎಲ್ಲವನ್ನೂ ಜಾಲತಾಣಕ್ಕೆ ಸುರಿಯಿರಿ ಎಂದಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ದಾಟದವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಮುಖವಿಲ್ಲದೆಯೂ ಹೇಳಬಹುದು: ಗಂಟು ಬಿಗಿಯುವ ಎರಡು ಕೈ, ಸೀದ ರೊಟ್ಟಿ, ವಕ್ರವಾಗಿ ನಿಂತ ಟೆಂಟು, ಹಿನ್ನೆಲೆಯಲ್ಲಿ ಮಗುವಿನದೇ ಕನ್ನಡ. ಕಲಬುರಗಿಯ ಹುಡುಗ ಕಲಬುರಗಿಯ ಕನ್ನಡದಲ್ಲೇ, ಕುಂದಾಪುರದ ಹುಡುಗಿ ಕುಂದಾಪುರದ ಕನ್ನಡದಲ್ಲೇ ಹೇಳಲಿ.

ಇದಕ್ಕೆಲ್ಲ ಬೇಕಾದವರು ಶಿಕ್ಷಕರು. ಬಿಸಿಯೂಟ, ಸಮೀಕ್ಷೆ, ಆನ್‌ಲೈನ್ ಎಂಟ್ರಿಗಳ ನಡುವೆ ದಳ ನಡೆಸುವ ಮೇಷ್ಟ್ರು ವರ್ಗವಾಗಿ ಹೋದರೆ ಅವರ ಹಿಂದೆಯೇ ದಳವೂ ಕಣ್ಮರೆಯಾಗುವುದನ್ನು ಕಂಡಿದ್ದೇವೆ. ಹಾಗಾಗಿ ಪ್ರಚಾರದ ಅರ್ಧ ಶ್ರಮ ಅವರನ್ನು ಹುಡುಕುವುದಕ್ಕೆ, ಉಳಿಸಿಕೊಳ್ಳುವುದಕ್ಕೆ ಸಲ್ಲಬೇಕು. ಮಕ್ಕಳಿಗೇನು, ಕರೆದರೆ ಬರುತ್ತಾರೆ.

ಜಿಲ್ಲಾ ಸಂಸ್ಥೆಗಳ ಪದಾಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ಮುಂದಿನ ನವೆಂಬರ್ 7ರ ಸಂಸ್ಥಾಪನಾ ದಿನದ ವರದಿಯನ್ನು ಒಬ್ಬ ಪೆಟ್ರೋಲ್ ಲೀಡರ್ ಹುಡುಗಿಯಿಂದ ಬರೆಸಿ. ಕಾಗುಣಿತ ಬೇಕಿದ್ದರೆ ತಿದ್ದಿ, ಅತಿಥಿಗಳ ಹೆಸರನ್ನು ಮಾತ್ರ ಸೇರಿಸಬೇಡಿ.