ತೀರ್ಪಿನ ಆಚೆಯ ತೀರ್ಪು: ಅಟ್ಲಾಂಟಾದ ಕೊಲೆಗಳು ಮತ್ತು ಅಪರಾಧ ಕಥನದ ರಾಜಕಾರಣ

ಕೋರ್ಟು ತೀರ್ಪು ಕೊಟ್ಟದ್ದು ಇಬ್ಬರ ಕೊಲೆಯ ಬಗ್ಗೆ. ಆ ಇಬ್ಬರೂ ಇಪ್ಪತ್ತು ದಾಟಿದ ಗಂಡಸರು. ಆದರೆ ವೇಯ್ನ್ ವಿಲಿಯಮ್ಸ್ ಎಂಬ ಹೆಸರು ಗೊತ್ತಿರುವ ಯಾರನ್ನಾದರೂ ಕೇಳಿ ನೋಡಿ, 'ಅವನಾ, ಅಟ್ಲಾಂಟಾದಲ್ಲಿ ಮಕ್ಕಳನ್ನು ಕೊಂದವನಲ್ವಾ' ಅಂತಾರೆ. ಮಕ್ಕಳ ಕೊಲೆಗಾಗಿ ಅವನ ಮೇಲೆ ಒಂದೇ ಒಂದು ಮೊಕದ್ದಮೆಯೂ ನಡೆದಿಲ್ಲ. ಹಾಗಾದರೆ ಈ ಎರಡನೆಯ ತೀರ್ಪು ಎಲ್ಲಿಂದ ಬಂತು? ಪೊಲೀಸ್ ಕಚೇರಿಯ ಒಂದು ಪ್ರಕಟಣೆಯಿಂದ ಹೊರಟು, ಪುಸ್ತಕಗಳ ಮೂಲಕ ಹಾದು, ಪುಸ್ತಕದಿಂದ ಹುಟ್ಟಿದ ಧಾರಾವಾಹಿಗಳ ಮೂಲಕ ನಮ್ಮ ತಲೆಯೊಳಕ್ಕೆ ಬಂತು ಎಂಬುದು ನನ್ನ ವಾದ. ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಅಮೆರಿಕದ ಕೊಲೆ ಕೇಸಿಗೆ ಏನು ಕೆಲಸ ಎಂದು ಕೇಳುವ ಗೆಳೆಯರಿಗೆ ಒಂದೇ ಮಾತು: ಯಾರ ಸಾವು ಲೆಕ್ಕಕ್ಕೆ ಬರುತ್ತದೆ, ಆ ಲೆಕ್ಕ ಬರೆಯುವ ಕೈ ಯಾರದು ಎಂಬ ಪ್ರಶ್ನೆ ನಮ್ಮದೂ ಹೌದು. 1972ರಲ್ಲಿ ಮುಂಬಯಿಯ ಹುಡುಗರು ತಮ್ಮ ಸಂಘಟನೆಗೆ 'ದಲಿತ ಪ್ಯಾಂಥರ್ಸ್' ಎಂದು ಹೆಸರಿಟ್ಟಾಗಲೇ ಈ ನಂಟು ಶುರುವಾಗಿದೆ.

ಮೊದಲು ಘಟನೆ. ಅಟ್ಲಾಂಟಾ ನಗರದಲ್ಲಿ 1979ರ ಬೇಸಿಗೆಯಿಂದ 1981ರ ಮೇ ತನಕ ಸುಮಾರು 30 ಕಪ್ಪು ಮಕ್ಕಳು, ಯುವಕರು ಒಬ್ಬರ ಹಿಂದೊಬ್ಬರು ಹೆಣವಾದರು. ಬಹುಪಾಲು ಬಡವರ ಮನೆಯ ಗಂಡುಹುಡುಗರು. ಅಂಗಡಿಗೆ ಹೋದವನು, ನಾಲ್ಕು ಕಾಸಿಗೆ ಚಿಲ್ಲರೆ ಕೆಲಸ ಮಾಡಲು ಹೋದವನು ವಾಪಸು ಬರಲಿಲ್ಲ. ಮೊದಮೊದಲು ಪೊಲೀಸರಿಗೆ ಇವೆಲ್ಲ ಒಂದಕ್ಕೊಂದು ಸಂಬಂಧವಿಲ್ಲದ ಬಿಡಿಬಿಡಿ ಸಾವುಗಳು. 1980ರಲ್ಲಿ ಕಮಿಲ್ ಬೆಲ್ ಎಂಬ ತಾಯಿ, ಒಂಬತ್ತು ವರ್ಷದ ಮಗನನ್ನು ಕಳಕೊಂಡವಳು, ಇತರ ತಾಯಂದಿರನ್ನು ಸೇರಿಸಿಕೊಂಡು ಸಮಿತಿ ಕಟ್ಟಿ ಜಗಳಕ್ಕೆ ನಿಂತಳು. ಆ ವರ್ಷದ ನಡುವಿನಲ್ಲಿ ವಿಶೇಷ ತನಿಖಾ ದಳ ಹುಟ್ಟಿತು. 1981ರ ಮೇ 22ರ ನಸುಕಿನಲ್ಲಿ ಚಟ್ಟಹೂಚಿ ನದಿಯ ಸೇತುವೆಯ ಬಳಿ ಕಾವಲಿದ್ದ ಪೊಲೀಸನಿಗೆ ನೀರಿಗೆ ಏನೋ ದೊಪ್ಪನೆ ಬಿದ್ದ ಸದ್ದು ಕೇಳಿತು. ಸೇತುವೆ ಮೇಲಿನ ಕಾರಿನಲ್ಲಿದ್ದವನು ವಿಲಿಯಮ್ಸ್. 22 ವರ್ಷದ ಕಪ್ಪು ಯುವಕ. ಫೋಟೋ ತೆಗೆಯುವುದು, ಹೊಸ ಹಾಡುಗಾರರನ್ನು ಹುಡುಕಿ ಮುಂದೆ ತರುತ್ತೇನೆ ಎಂದು ಓಡಾಡುವುದು ಅವನ ಕಸುಬು. ಎರಡು ದಿನ ಕಳೆದು ನದಿಯಲ್ಲಿ ಒಂದು ಹೆಣ ಸಿಕ್ಕಿತು. 1982ರ ಫೆಬ್ರವರಿ 27ರಂದು ಇಬ್ಬರು ವಯಸ್ಕರ ಕೊಲೆಗಾಗಿ ಅವನಿಗೆ ಎರಡು ಜೀವಾವಧಿ ಶಿಕ್ಷೆಯಾಯಿತು.

ಕೊಲೆಯನ್ನು ಕಣ್ಣಾರೆ ಕಂಡವರಿಲ್ಲ. ಮುಖ್ಯ ಸಾಕ್ಷ್ಯ ಎಳೆಗಳದ್ದು: ಅವನ ಮನೆಯ ಹಸಿರು ಕಾರ್ಪೆಟ್ಟಿನ ನೂಲಿನೆಳೆ, ಸಾಕಿದ ನಾಯಿಯ ಕೂದಲು, ಹೆಣಗಳ ಮೇಲೆ ಸಿಕ್ಕಿದ್ದು. ಇಬ್ಬರ ಕೊಲೆಯ ವಿಚಾರಣೆಯಲ್ಲಿ ಇನ್ನೂ ಹತ್ತು ಸಾವುಗಳನ್ನು 'ಒಂದೇ ಮಾದರಿ' ಎಂದು ತೋರಿಸಲು ಸರಕಾರಿ ವಕೀಲರಿಗೆ ನ್ಯಾಯಾಧೀಶ ಅನುಮತಿ ಕೊಟ್ಟ. ಆರೋಪಪಟ್ಟಿಯಲ್ಲಿ ಇಲ್ಲದ ಸತ್ತ ಮಕ್ಕಳು ಜ್ಯೂರಿಯ ಮುಂದೆ ಬಂದು ನಿಂತದ್ದು ಹೀಗೆ. ತೀರ್ಪು ಬಂದ ಮೇಲೆ ಪೊಲೀಸರು ಇಪ್ಪತ್ತಕ್ಕೂ ಹೆಚ್ಚು ಕೇಸುಗಳನ್ನು ಅವನ ಲೆಕ್ಕಕ್ಕೆ ಬರೆದು ಕಡತ ಮುಚ್ಚಿದರು. 1983ರಲ್ಲಿ ಜಾರ್ಜಿಯಾ ರಾಜ್ಯದ ಸುಪ್ರೀಂ ಕೋರ್ಟು ಶಿಕ್ಷೆಯನ್ನು ಎತ್ತಿಹಿಡಿಯಿತು, ಭಿನ್ನಮತವೂ ಅಲ್ಲಿ ದಾಖಲಾಯಿತು. ತಾನು ನಿರಪರಾಧಿ ಎಂದು ವಿಲಿಯಮ್ಸ್ ಅಂದಿನಿಂದಲೂ ಹೇಳುತ್ತ ಬಂದಿದ್ದಾನೆ.

ಇಷ್ಟು ಕಾನೂನಿನ ಕಥೆ. ಇನ್ನು ಪುಸ್ತಕಗಳಿಗೆ ಬರೋಣ.

ಅತಿ ಹೆಚ್ಚು ಓದಿಸಿಕೊಂಡದ್ದು ಎಫ್‌ಬಿಐನ ಜಾನ್ ಡಗ್ಲಸ್ ಮಾರ್ಕ್ ಓಲ್‌ಶೇಕರ್ ಜೊತೆ ಸೇರಿ 1995ರಲ್ಲಿ ತಂದ 'ಮೈಂಡ್‌ಹಂಟರ್'. ಹೆಸರೇ ನೋಡಿ, ಮನಸ್ಸಿನ ಬೇಟೆಗಾರ. ಈ ಬಗೆಯ ಕಥನಕ್ಕೆ ಒಂದು ಖಾಯಂ ರಚನೆ ಇದೆ. ಊರು ಹೆದರಿದೆ, ಸ್ಥಳೀಯ ಪೊಲೀಸರಿಗೆ ದಿಕ್ಕು ತೋಚದು. ಆಗ ಹೊರಗಿನಿಂದ ಒಬ್ಬ ಬಲ್ಲವನು ಬರುತ್ತಾನೆ, ಕಾಣದ ಹಂತಕನ ಸ್ವಭಾವವನ್ನು ಕಂಡವನಂತೆ ವರ್ಣಿಸುತ್ತಾನೆ, ಸಿಕ್ಕಿಬಿದ್ದವನು ಆ ವರ್ಣನೆಗೆ ಅಚ್ಚಿನ ಹಾಗೆ ಹೊಂದುತ್ತಾನೆ. ಓದುಗನಿಗೆ ಸಿಗುವ ಸುಖವೇ ಈ ಹೊಂದಾಣಿಕೆ. ಹೊಂದದೆ ಉಳಿದದ್ದನ್ನು ಕಥನ ನುಂಗಿಕೊಳ್ಳುತ್ತದೆ. ವಿಚಿತ್ರವೆಂದರೆ ಇಪ್ಪತ್ತಕ್ಕೂ ಹೆಚ್ಚು ಸಾವುಗಳೂ ವಿಲಿಯಮ್ಸ್‌ನ ಕೆಲಸ ಎಂದು ಸ್ವತಃ ಡಗ್ಲಸ್‌ನೇ ಹೇಳುವುದಿಲ್ಲ. ಹನ್ನೊಂದರಷ್ಟಕ್ಕೆ ಅವನ ಮಾತು ನಿಲ್ಲುತ್ತದೆ. ಹಾಗಾದರೆ ಉಳಿದವರನ್ನು ಕೊಂದವರು? ಆ ಪ್ರಶ್ನೆ ಪುಸ್ತಕದಲ್ಲಿ ಇದೆ, ಆದರೆ ಕಥನದ ಓಟದಲ್ಲಿ ಅದು ಯಾರ ಕಾಲಿಗೂ ತೊಡರುವುದಿಲ್ಲ. ಲೇಖಕ ಹೇಳಿದ ಮಾತನ್ನು ಲೇಖಕನ ರೂಪವೇ ಸುಳ್ಳು ಮಾಡಬಲ್ಲದು ಎನ್ನುವುದಕ್ಕೆ ಇದಕ್ಕಿಂತ ಮೂರ್ತವಾದ ಉದಾಹರಣೆ ನನಗೆ ಬೇಡ. 2019ರಲ್ಲಿ ಇದೇ ಪುಸ್ತಕದ ಆಧಾರದ ಧಾರಾವಾಹಿಯ ಎರಡನೆಯ ಸರಣಿ ಅಟ್ಲಾಂಟಾ ಕೇಸನ್ನು ಎತ್ತಿಕೊಂಡಿತು. ನನ್ನ ಎಂ.ಎ. ವಿದ್ಯಾರ್ಥಿಗಳಲ್ಲಿ ಕೆಲವರು ಅದನ್ನು ಮೊಬೈಲಿನಲ್ಲಿ ನೋಡಿದವರು. ಅದರಲ್ಲಿ ಅನುಮಾನಕ್ಕೆ ಸಾಕಷ್ಟು ಜಾಗ ಇದೆ. ಆದರೂ ಅವರ ನೆನಪಿನಲ್ಲಿ ನಿಂತದ್ದು ಸೇತುವೆ, ರಾತ್ರಿ, ಸದ್ದು, ಅವನ ಮುಖ. ಸತ್ತ ಒಬ್ಬ ಹುಡುಗನ ಹೆಸರು ಹೇಳಿ ಅಂದರೆ ಕ್ಲಾಸು ಸುಮ್ಮನಾಯಿತು.

'ಮೈಂಡ್‌ಹಂಟರ್'ನಲ್ಲಿ ಇನ್ನೊಂದು ಸಂಗತಿ ಇದೆ. ಕಟಕಟೆಯಲ್ಲಿ ವಿಲಿಯಮ್ಸ್ ಮೆತ್ತಗೆ, ಮರ್ಯಾದೆಯಿಂದ ಮಾತಾಡುತ್ತಿದ್ದ. ಆ ಮುಖ ಕಳಚುವ ಹಾಗೆ ಪ್ರಶ್ನೆ ಕೇಳಿ ಅವನನ್ನು ರೇಗಿಸುವ ಉಪಾಯವನ್ನು ಸರಕಾರಿ ವಕೀಲನಿಗೆ ಹೇಳಿಕೊಟ್ಟವನು ತಾನು ಎಂದು ಡಗ್ಲಸ್ ಹೆಮ್ಮೆಯಿಂದ ಬರೆಯುತ್ತಾನೆ. ಕೊನೆಗೂ ವಿಲಿಯಮ್ಸ್ ರೇಗಿದ. ಜ್ಯೂರಿಗೆ 'ನಿಜವಾದ' ವಿಲಿಯಮ್ಸ್ ಕಂಡ ಅಂತ ಕಥನ ಗೆಲುವಿನ ನಗೆ ಬೀರುತ್ತದೆ. ಕೊಲೆಯ ಆಪಾದನೆ ಹೊತ್ತು ದಿನಗಟ್ಟಲೆ ನಿಂತವನಿಗೆ ಸಿಟ್ಟು ಬಂದರೆ ಅದು ಸಾಕ್ಷ್ಯವಾಗುತ್ತದಾ? ಕಪ್ಪು ಮೈಯ ಸಿಟ್ಟು ಆಗುತ್ತದೆ. ಇದು ನಮಗೆ ಹೊಸತಲ್ಲ. ದಲಿತ ಕಾವ್ಯವನ್ನು 'ಬರೀ ಸಿಟ್ಟು' ಎಂದು ಬದಿಗಿಟ್ಟ ವಿಮರ್ಶೆಗೂ ಇದೇ ಕಿವಿ ಇತ್ತು. ಸಿಟ್ಟಿನ ಕಾರಣ ಕೇಳುವ ಮೊದಲೇ ಸಿಟ್ಟನ್ನು ಅಪರಾಧವಾಗಿ ಓದುವ ಕಿವಿ.

ನಮ್ಮ ಭಾಷೆಯ ವ್ಯಾಕರಣದಲ್ಲೂ ಈ ಕಿವಿ ಕೂತಿದೆ. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ತೂಗುಹಾಕಿದ ಕ್ರೈಂ ವಾರಪತ್ರಿಕೆಯ ವಾಕ್ಯಗಳನ್ನು ಗಮನಿಸಿ: ಇನ್ಸ್‌ಪೆಕ್ಟರು 'ಧಾವಿಸಿದರು', ಗೌಡರು 'ದೂರು ನೀಡಿದರು', ಆರೋಪಿ 'ಓಡಿದ', 'ಸಿಕ್ಕಿಬಿದ್ದ'. ತೀರ್ಪಿಗೆ ಇನ್ನೂ ಮೂರು ವರ್ಷ ಇರುವಾಗಲೇ ಕ್ರಿಯಾಪದದ ಬಾಲ ತೀರ್ಪು ಕೊಟ್ಟಿರುತ್ತದೆ. ಸತ್ತವಳು ಕೂಲಿಯವಳಾದರೆ ಅವಳಿಗೂ ಏಕವಚನವೇ. ಇಂಗ್ಲಿಷಿನ ಪುಸ್ತಕಗಳು ಈ ಕೆಲಸವನ್ನು ವಿಶೇಷಣಗಳಿಂದ ಮಾಡುತ್ತವೆ, ನಾವು ಪ್ರತ್ಯಯದಿಂದಲೇ ಮುಗಿಸುತ್ತೇವೆ. (ಈ ಲೇಖನದಲ್ಲಿ ಅಪರಾಧಿಗೂ ಎಫ್‌ಬಿಐನವನಿಗೂ ಲೇಖಕನಿಗೂ ನ್ಯಾಯಾಧೀಶನಿಗೂ ಒಂದೇ ಏಕವಚನ ಬಳಸಿದ್ದೇನೆ. ತಪ್ಪು ತಿಳಿಯಬಾರದು.)

ಇನ್ನೊಂದು ಕಡೆಯ ಪುಸ್ತಕ ಚೆಟ್ ಡೆಟ್ಲಿಂಜರ್ ಮತ್ತು ಪತ್ರಕರ್ತ ಜೆಫ್ ಪ್ರೂ ಬರೆದ 'ದಿ ಲಿಸ್ಟ್', 1983. ಡೆಟ್ಲಿಂಜರ್ ಹಿಂದೆ ಪೊಲೀಸ್ ಇಲಾಖೆಯಲ್ಲಿದ್ದವನು. ಇವನ ಪ್ರಶ್ನೆ ಕೊಂದವನು ಯಾರು ಎಂಬುದಕ್ಕಿಂತ ಮೊದಲಿನದು: ಯಾರ ಸಾವು ಪಟ್ಟಿಗೆ ಸೇರಿತು, ಯಾರದ್ದು ಸೇರಲಿಲ್ಲ, ಯಾವ ನಿಯಮದ ಮೇಲೆ? ಅದೇ ಬೀದಿಗಳಲ್ಲಿ, ಅದೇ ವರ್ಷಗಳಲ್ಲಿ ಸತ್ತ ಎಷ್ಟೋ ಜನ ಪಟ್ಟಿಯಿಂದ ಹೊರಗೇ ಉಳಿದರು ಎಂದು ಅವನು ನಕ್ಷೆ ಬಿಡಿಸಿ ತೋರಿಸುತ್ತಾನೆ. ಪಟ್ಟಿಯೊಳಗೆ ಇಬ್ಬರು ಪುಟ್ಟ ಹುಡುಗಿಯರಿದ್ದರು. ಗಂಡುಹುಡುಗರ ಹಂತಕ ಎಂಬ ಕಥೆಗೆ ಅವರು ಹೊಂದುವುದಿಲ್ಲ, ಹಾಗಾಗಿ ಆ ಕಥೆಯಲ್ಲಿ ಅವರಿಗೆ ಬಾಗಿಲೂ ಇಲ್ಲ, ಕಿಟಕಿಯೂ ಇಲ್ಲ. ಗದ್ಯ ಒರಟು, ಓದಲು ಕಷ್ಟ. ಪ್ರತಿವಾದಿಗಳ ಪರ ಕೆಲಸ ಮಾಡಿದವನ ಪುಸ್ತಕ ಎಂಬ ಎಚ್ಚರವೂ ಬೇಕು. ಆದರೆ ಪಟ್ಟಿ ಮಾಡುವುದೇ ಅಧಿಕಾರದ ಮೊದಲ ಕೆಲಸ ಎಂಬ ಗ್ರಹಿಕೆ ಇಲ್ಲಿ ಸಿಗುವಷ್ಟು ಸ್ಪಷ್ಟವಾಗಿ ದೊಡ್ಡ ಸಿದ್ಧಾಂತದ ಪುಸ್ತಕಗಳಲ್ಲೂ ನನಗೆ ಸಿಕ್ಕಿಲ್ಲ.

ಇವೆರಡರ ನಡುವೆ, ಅಥವಾ ಎರಡಕ್ಕೂ ಹೊರಗೆ, ಜೇಮ್ಸ್ ಬಾಲ್ಡ್ವಿನ್‌ನ 'ದಿ ಎವಿಡೆನ್ಸ್ ಆಫ್ ಥಿಂಗ್ಸ್ ನಾಟ್ ಸೀನ್' ನಿಲ್ಲುತ್ತದೆ. 1981ರಲ್ಲಿ ಪತ್ರಿಕೆಯೊಂದಕ್ಕೆ ಬರೆದ ಲೇಖನ ಬೆಳೆದು 1985ರಲ್ಲಿ ಪುಸ್ತಕವಾಯಿತು. ಎರಡು ವರ್ಷ ಕಳೆದು ಬಾಲ್ಡ್ವಿನ್ ತೀರಿಕೊಂಡ. ಶೀರ್ಷಿಕೆ ಬೈಬಲಿನಿಂದ, ನಂಬಿಕೆ ಎಂದರೇನು ಎಂಬ ವ್ಯಾಖ್ಯೆಯಿಂದ ಬಂದದ್ದು. ಅದನ್ನು ಅವನು ಕೋರ್ಟಿನ ಎದುರಿಗೆ ಹಿಡಿಯುತ್ತಾನೆ: ನೀವು ಸಾಕ್ಷ್ಯ ಅನ್ನುತ್ತಿರುವುದು ಸಾಕ್ಷ್ಯವೋ, ನಂಬಿಕೆಯೋ? ಆರೋಪ ಹೊರಿಸದ ಕೊಲೆಗಳ ಭಾರವನ್ನು ಆರೋಪಿಯ ಹೆಗಲಿಗೆ ಹಾಕಿ, ಆರೋಪ ಹೊರಿಸಿದ ಕೊಲೆಗಳಿಗೆ ಶಿಕ್ಷೆ ಕೊಟ್ಟಿರಿ ಎಂಬುದು ಅವನ ಮೂಲ ತಕರಾರು. ವಿಲಿಯಮ್ಸ್ ನಿರಪರಾಧಿ ಎಂದು ಅವನು ಸಾಧಿಸುವುದಿಲ್ಲ. ವಿಲಿಯಮ್ಸ್‌ನನ್ನು ಇಷ್ಟಪಟ್ಟ ಹಾಗೂ ಕಾಣುವುದಿಲ್ಲ.

ಪುಸ್ತಕಕ್ಕೆ ಕ್ರಮವಿಲ್ಲ, ಅದು ಎಲ್ಲೆಲ್ಲೋ ಅಲೆಯುತ್ತದೆ ಎಂದು ಆ ಕಾಲದ ವಿಮರ್ಶಕರು ಗೊಣಗಿದರು. ನಿಜವೇ. ಕೋರ್ಟಿನಿಂದ ಅದು ಗುಲಾಮಗಿರಿಗೆ ಹೋಗುತ್ತದೆ, ಶಾಲೆಗಳಿಗೆ ಹೋಗುತ್ತದೆ, ಅಪ್ಪನ ನೆನಪಿಗೆ ಹೋಗುತ್ತದೆ. ನನಗೆ ಈ ಅಲೆದಾಟ ಒಂದು ನಿರಾಕರಣೆಯ ಹಾಗೆ ಕಾಣುತ್ತದೆ. ಒಬ್ಬನೇ ಹಂತಕ, ಒಂದೇ ಮನಸ್ಸು, ಒಂದೇ ಕೊನೆ ಎಂಬ ಅಪರಾಧ ಕಥನದ ಕ್ರಮವನ್ನು ಒಪ್ಪಿದರೆ ಊರನ್ನು ಬಿಟ್ಟುಬಿಡಬೇಕಾಗುತ್ತದೆ. ಬಾಲ್ಡ್ವಿನ್‌ಗೆ ಊರು ಬೇಕಿತ್ತು. 'ದ್ವೇಷಿಸಲು ಪುರುಸೊತ್ತಿಲ್ಲದ ನಗರ' ಅನ್ನುವುದು ಅಟ್ಲಾಂಟಾ ತನ್ನ ಬಗ್ಗೆ ತಾನೇ ಹೇಳಿಕೊಂಡ ಜಾಹೀರಾತು. ಮೇಯರ್ ಮೇನಾರ್ಡ್ ಜಾಕ್ಸನ್ ಆ ನಗರದ ಮೊದಲ ಕಪ್ಪು ಮೇಯರ್. ಪೊಲೀಸ್ ವ್ಯವಸ್ಥೆಯ ಮುಖ್ಯಸ್ಥ ಲೀ ಬ್ರೌನ್ ಕಪ್ಪು ಮನುಷ್ಯ. ವಿಚಾರಣೆ ನಡೆಸಿದ ನ್ಯಾಯಾಧೀಶ ಕ್ಲಾರೆನ್ಸ್ ಕೂಪರ್ ಕಪ್ಪು ಮನುಷ್ಯ, ಜ್ಯೂರಿಯಲ್ಲಿ ಹೆಚ್ಚಿನವರು ಕಪ್ಪು ಜನ. ಇಷ್ಟಾದರೂ ಬಡ ಕಪ್ಪು ತಾಯಿ ತನ್ನ ಮಗು ಕಾಣೆಯಾಗಿದೆ ಎಂದು ನಂಬಿಸಲು ಬೀದಿಗಿಳಿಯಬೇಕಾಯಿತು. ಕುರ್ಚಿ ಸಿಕ್ಕ ಕೂಡಲೇ ವ್ಯವಸ್ಥೆಯ ಸ್ವಭಾವ ಬದಲಾಗುತ್ತದೆ ಎಂದು ನಂಬಿದ ನಮ್ಮ ಪೀಳಿಗೆ ಈ ಭಾಗವನ್ನು ಎರಡು ಸಲ ಓದಬೇಕು. ಕುರ್ಚಿ ಬೇಡ ಅಂತ ನಾನು ಹೇಳುತ್ತಿಲ್ಲ. ಆ ಕುರ್ಚಿಯಲ್ಲಿ ಕೂತವನಿಗೆ ನಗರದ ಮಾನ ಉಳಿಸಲು ಒಬ್ಬ ಅಪರಾಧಿ ಬೇಗ ಬೇಕಾಗುತ್ತಾನೆ, ಅಷ್ಟೆ.

ಆದರೆ ಬಾಲ್ಡ್ವಿನ್‌ನನ್ನು ನಮ್ಮವನು ಎಂದು ತಲೆ ಮೇಲೆ ಹೊತ್ತುಕೊಳ್ಳುವ ಓದಿಗೂ ನನ್ನ ತಕರಾರಿದೆ. ನೂಲಿನೆಳೆಯ ಸಾಕ್ಷ್ಯದ ಒಳಹೊಕ್ಕು ಅದನ್ನು ಬಿಚ್ಚಿ ನೋಡುವ ತಾಳ್ಮೆ ಅವನಿಗಿಲ್ಲ. ಆ ಸಾಕ್ಷ್ಯ ಹಗುರವಾದದ್ದಲ್ಲ. ಅಂಥ ಕಾರ್ಪೆಟ್ ಅಟ್ಲಾಂಟಾದ ಏಳೆಂಟು ಸಾವಿರ ಮನೆಗಳಲ್ಲಿ ಒಂದರಲ್ಲಿ ಇದ್ದೀತು ಎಂದು ಸರಕಾರದ ಕಡೆಯ ಲೆಕ್ಕ. ಆ ಲೆಕ್ಕದ ಮೇಲೂ ಪ್ರಶ್ನೆಗಳಿವೆ, ಆದರೆ ಪ್ರಶ್ನೆ ಕೇಳಬೇಕಾದರೆ ಲೆಕ್ಕದೊಳಕ್ಕೇ ಇಳಿಯಬೇಕು. 2007ರಲ್ಲಿ ನಾಯಿಕೂದಲಿನ ಡಿಎನ್‌ಎ ಪರೀಕ್ಷೆ ನಡೆಯಿತು. ಅದು ವಿಲಿಯಮ್ಸ್‌ನ ನಾಯಿಯದ್ದಾಗಿರಬಹುದು, ನೂರರಲ್ಲಿ ಒಂದು ನಾಯಿಗೂ ಹಾಗೆ ಹೊಂದಬಹುದು ಎಂದಿತು. 2010ರಲ್ಲಿ ಮನುಷ್ಯನ ಕೂದಲಿನ ಪರೀಕ್ಷೆಯೂ ಅವನನ್ನು ಬಿಡುಗಡೆ ಮಾಡುವಂಥ ಉತ್ತರ ಕೊಡಲಿಲ್ಲ. ಅತ್ತ ಕ್ಲಾನ್‌ನ ಕೆಲವರ ಮೇಲೆ ಗುಟ್ಟಾಗಿ ತನಿಖೆ ನಡೆದು ನಿಂತುಹೋದ ಸಂಗತಿ 1986ರಲ್ಲಿ ಬಯಲಾಯಿತು. 2005ರಲ್ಲಿ ಪಕ್ಕದ ಜಿಲ್ಲೆಯ ಪೊಲೀಸರು ಕೆಲವು ಕಡತ ತೆರೆದು ಮರುವರ್ಷ ಮುಚ್ಚಿದರು. ಶೋಷಿತನಾದ್ದರಿಂದ ನಿರಪರಾಧಿ ಎಂಬ ವಾದ, ಕಪ್ಪಗಿರುವುದರಿಂದ ಅಪರಾಧಿ ಎಂಬ ವಾದದ ಹಾಗೇ ಸೋಮಾರಿ. ಅವನು ಒಬ್ಬಿಬ್ಬರನ್ನು ಕೊಂದಿರಬಹುದು, ಹನ್ನೊಂದು ಜನರನ್ನು ಕೊಂದಿರಬಹುದು. ಹಾಗಿದ್ದೂ ಉಳಿದ ಮಕ್ಕಳ ಸಾವಿಗೆ ಉತ್ತರ ಸಿಕ್ಕಿಲ್ಲ ಎಂಬ ಮಾತು ಹಾಗೇ ಇರುತ್ತದೆ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ಅಪರಾಧಿ ಪರ ಪುಸ್ತಕಕ್ಕೂ ಬರುವುದಿಲ್ಲ, ವಿರೋಧದ ಪುಸ್ತಕಕ್ಕೂ ಬರುವುದಿಲ್ಲ. ಸರಕಾರಿ ವಕೀಲ ಜ್ಯಾಕ್ ಮಲ್ಲಾರ್ಡ್ ಕೂಡ 2009ರಲ್ಲಿ ಪುಸ್ತಕ ಬರೆದ. ಗೆದ್ದವನ ಪುಸ್ತಕದಲ್ಲಿ ಅನುಮಾನ ಹುಡುಕುವುದು ನಮ್ಮ ದಡ್ಡತನ.

ನಮ್ಮ ಕಡೆಗೆ ತಿರುಗಿದರೆ ಸಮಸ್ಯೆ ತಲೆಕೆಳಗಾಗುತ್ತದೆ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಇದರ ಮೇಲೆ 'ಮನಸ್ಸಿನ ಬೇಟೆಗಾರ' ಯಾವನೂ ಪುಸ್ತಕ ಬರೆಯಲಾರ. ಬೇಟೆಯಾಡಲು ಒಂಟಿ ಮನಸ್ಸು ಅಲ್ಲಿ ಸಿಗುವುದಿಲ್ಲ, ಸಿಗುವುದು ಊರು. ಖೈರ್ಲಾಂಜಿಯಲ್ಲಿ ಶಿಕ್ಷೆಯೇನೋ ಆಯಿತು. ಆದರೆ 2008ರಲ್ಲಿ ವಿಚಾರಣಾ ಕೋರ್ಟು ಅಲ್ಲಿ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸುವುದಿಲ್ಲ ಎಂದಿತು, ಅಂದರೆ ಕೊಂದದ್ದು ಹೌದು, ಜಾತಿಗಾಗಿ ಅಲ್ಲ. ಅದೇ ವರ್ಷ ಬಂದ ಆನಂದ ತೇಲ್ತುಂಬ್ಡೆಯ 'ಖೈರ್ಲಾಂಜಿ' ಪುಸ್ತಕ ತನ್ನ ಉಪಶೀರ್ಷಿಕೆಯನ್ನು ಅಮೆರಿಕದ ಕಪ್ಪು ಜನರನ್ನು ಮರಕ್ಕೆ ನೇತುಹಾಕಿ ಕೊಂದದ್ದರ ಬಗೆಗಿನ ಪ್ರಸಿದ್ಧ ಹಾಡಿನಿಂದ ತೆಗೆದುಕೊಂಡಿದೆ. ಅದು ಹಂತಕರ ಮನಸ್ಸನ್ನು ಕೆದಕುವುದಿಲ್ಲ. ಜಮೀನು, ಪೊಲೀಸ್ ಠಾಣೆ, ಪತ್ರಿಕೆಗಳ ಮೌನ ಇವನ್ನು ಕೆದಕುತ್ತದೆ. ಹಾಗಾಗಿಯೇ ಅದನ್ನು ಯಾರೂ ರಾತ್ರಿ ಬಸ್ಸಿನಲ್ಲಿ ರೋಚಕವಾಗಿ ಓದುವುದಿಲ್ಲ.

ಅಟ್ಲಾಂಟಾದ ಬಗ್ಗೆ ಓದಬೇಕಾದ ಇನ್ನೊಂದು ಪುಸ್ತಕ ಕಾದಂಬರಿ. ಟೋನಿ ಕೇಡ್ ಬಂಬಾರಾ ಆ ವರ್ಷಗಳಲ್ಲಿ ಅಟ್ಲಾಂಟಾದಲ್ಲೇ ಇದ್ದವಳು. ಬರೆಯುತ್ತ ವರ್ಷಗಳನ್ನೇ ಕಳೆದಳು, ಮುಗಿದ ರೂಪದಲ್ಲಿ ನೋಡದೆ 1995ರಲ್ಲಿ ತೀರಿಕೊಂಡಳು. ಟೋನಿ ಮಾರಿಸನ್ ಆ ಹಸ್ತಪ್ರತಿಯನ್ನು ತಿದ್ದಿ 1999ರಲ್ಲಿ 'ದೋಸ್ ಬೋನ್ಸ್ ಆರ್ ನಾಟ್ ಮೈ ಚೈಲ್ಡ್' ಎಂದು ಹೊರತಂದಳು. ಹಂತಕನಿಗೆ ಅಲ್ಲಿ ಕೇಂದ್ರವಿಲ್ಲ. ಮಗ ಕಾಣೆಯಾದ ಒಬ್ಬ ತಾಯಿ, ಬೇರೆಯಾಗಿದ್ದ ಗಂಡನ ಜೊತೆ ಸೇರಿ ತಾನೇ ಹುಡುಕಲು ಹೊರಡುತ್ತಾಳೆ, ಪೊಲೀಸರನ್ನು ಕಾಯುವುದಿಲ್ಲ. ಆರುನೂರಕ್ಕೂ ಹೆಚ್ಚು ಪುಟ, ಎಷ್ಟೋ ಕಡೆ ದಾರಿ ತಪ್ಪುತ್ತದೆ. 2019ರಲ್ಲಿ ಅಟ್ಲಾಂಟಾದ ಮೇಯರ್ ಕೀಶಾ ಲ್ಯಾನ್ಸ್ ಬಾಟಮ್ಸ್ ಹಳೆಯ ಸಾಕ್ಷ್ಯಗಳನ್ನು ಮತ್ತೆ ಪರೀಕ್ಷೆಗೆ ಕಳಿಸುತ್ತೇವೆ ಎಂದು ಹೇಳಿದಾಗ ಉಳಿದ ಪುಸ್ತಕಗಳು ಹಳತಾದವು. ಇದು ಆಗಲಿಲ್ಲ. ನಮ್ಮಲ್ಲಿ ಯಾರಾದರೂ ಅನುವಾದಕ್ಕೆ ಕೈ ಹಾಕುವುದಾದರೆ 'ಮೈಂಡ್‌ಹಂಟರ್' ಬಿಟ್ಟು ಇದಕ್ಕೆ ಕೈ ಹಾಕಲಿ. ತಾಯಿಯ ಭಾಗಗಳಿಂದ ಶುರುಮಾಡಿದರೂ ಸಾಕು.